ಸೊಪ್ಪಿನ ರಸ ಎಲ್ಲಿಗೆ ಸಾಕು?

ಸೊರಗಿದ ಟೊಮೆಟೊ ಗಿಡವನ್ನು ಬುಡಸಮೇತ ಅಗೆದು ಬೇರು ತೊಳೆದರೆ ಮಣಿ ಪೋಣಿಸಿದಂತೆ ಗಂಟುಗಳು ಕಾಣುತ್ತವೆ. ಗಂಟಿನೊಳಗೆ ಅಲುಗದೆ ಕೂತಿರುವುದು ಹೆಣ್ಣು ಜಂತುಹುಳು. ಗಂಡಿನ ಹಂಗಿಲ್ಲದೆ, ಅಂಟಿನ ಮುದ್ದೆಯೊಂದರಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಾದರೆ ಸುಮಾರು ತಿಂಗಳಿಗೊಂದು ಪೀಳಿಗೆ.

ಮಣ್ಣಿನ ಹುಳುಗಳಿಗೆಂದು ಹಾಕುತ್ತಿದ್ದ ಫೋರೇಟ್ ಹರಳು 2020ರ ಕೊನೆಗೆ ನಿಷೇಧವಾಯಿತು. ಆ ಜಾಗಕ್ಕೆ ಬೇವು, ಎಕ್ಕ, ಹೊಂಗೆ ಸೊಪ್ಪಿನ ರಸ ಸಾಲದೇ? ರಸದಲ್ಲಿ ಕಸುವಿರುವುದು ನಿಜ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮರಿಹುಳುಗಳ ಮೇಲೆ ಬಿಟ್ಟರೆ ಒಂದೆರಡು ದಿನದಲ್ಲಿ ಬಹುಪಾಲು ಅಲುಗಾಟ ನಿಲ್ಲಿಸುತ್ತವೆ. (ನಿಂತದ್ದೆಲ್ಲ ಸತ್ತದ್ದಲ್ಲ, ಬರಿನೀರಿಗೆ ಹಾಕಿದರೆ ಕೆಲವು ಮತ್ತೆ ಹೊರಳುತ್ತವೆ.) ಆದರೆ ತಟ್ಟೆಯಲ್ಲಿ ಹುಳುವಿಗೆ ಅವಿತುಕೊಳ್ಳಲು ಜಾಗವಿಲ್ಲ. ಹೊಲದಲ್ಲಿ ಮೊಟ್ಟೆಗೆ ಅಂಟಿನ ಕಾವಲು, ತಾಯಿಗೆ ಬೇರಿನ ಮರೆ. ಹೊಯ್ದ ರಸವನ್ನು ಜೇಡಿ ಹೀರಿಕೊಳ್ಳುತ್ತದೆ, ಉಳಿದದ್ದನ್ನು ಸೂಕ್ಷ್ಮಜೀವಿಗಳು ಅರಗಿಸುತ್ತವೆ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣೇ ಎಂಟು ನೂರು ಟನ್ ಮೀರುತ್ತದೆ. ಹತ್ತು ಕಿಲೋ ಸೊಪ್ಪು ಅರೆದು ಸುರಿದರೆ ಅದು ಯಾವ ಮೂಲೆಗೆ? ಅದೇ ಹತ್ತು ಕಿಲೋದ ರಸವನ್ನು ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಟ್ಲುಪಾತಿಗೆ ಹೊಯ್ದರೆ ಎದುರಿಗಿರುವುದು ಆರೇಳು ನೂರು ಕಿಲೋ ಮಣ್ಣು ಮಾತ್ರ. ಗಂಟು ಹೊತ್ತ ಸಸಿಯೇ ರೋಗವನ್ನು ಹೊಲಕ್ಕೆ ಒಯ್ಯುವುದರಿಂದ, ರಸಕ್ಕೆ ಕೆಲಸವಿರುವುದು ಅಲ್ಲೇ ಎಂಬುದು ನನ್ನ ವಾದ.

ಹೊಲಕ್ಕೆ ರಸವಲ್ಲ, ಸೊಪ್ಪೇ ಬೇಕು, ಅದೂ ಗಾಡಿಗಟ್ಟಲೆ. ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ ತೇವ ಉಳಿಸಿಕೊಂಡರೆ, ಕೊಳೆಯುವಾಗ ಹುಟ್ಟುವ ಅಮೋನಿಯಾ ಹುಳುವಿಗೆ ವಿಷವಾಗುತ್ತದೆ; ಮೊಟ್ಟೆಯನ್ನು ತಿನ್ನುವ ಶಿಲೀಂಧ್ರಗಳಿಗೂ ಮೇವು ಸಿಗುತ್ತದೆ. ಬೇವಿನ ಹಿಂಡಿ ಜೊತೆಗಿದ್ದರೆ ಇನ್ನೂ ವಾಸಿ. ಚೆಂಡುಹೂವಿನದು ಬೇರೆಯೇ ದಾರಿ: ಅದರ ಬಲವಿರುವುದು ಜೀವಂತ ಬೇರಿನಲ್ಲಿ, ಹಾಗಾಗಿ ಅದನ್ನು ಹಿಂಡುವುದಕ್ಕಿಂತ ಬೆಳೆಯುವುದೇ ಸರಿ.

ತೊಡಕಿರುವುದು ಆ ಎರಡು ಮೂರು ವಾರಗಳಲ್ಲಿ. ಕೋಲಾರದ ಕಡೆ ಕೊಳವೆಬಾವಿ ನಂಬಿದವರು ನೀರಿರುವಷ್ಟು ದಿನ ಜಮೀನು ಖಾಲಿ ಬಿಡಲು ಹಿಂಜರಿಯುತ್ತಾರೆ. ಸ್ವಂತ ಜಮೀನಿದ್ದವರು ಒಪ್ಪಿಯಾರು. ಒಂದೇ ಬೆಳೆಗೆ ಗುತ್ತಿಗೆ ಹಿಡಿದವರು, ಬರುವ ವರ್ಷ ಇನ್ನೊಬ್ಬರ ಪಾಲಾಗುವ ಮಣ್ಣಿಗೆ ಸೊಪ್ಪು ಹೊರಿಸಲು ಕೂಲಿ ಕೊಟ್ಟಾರೆಯೇ?