ಯಾರ ಮನೆ ಬಾಗಿಲು ಇದು?

ಮಕ್ಕಳೇ, ಮೊದಲು ಒಂದು ಒಗಟು. ಮುಖ ಒಂದೇ, ಮಾತೂ ಒಂದೇ, ಇರುವ ಊರು ಮಾತ್ರ ಬೇರೆ ಬೇರೆ. ಏನು ಹೇಳಿ?

ಸೋತಿರಾ? ಟರ್ಮಿನಲ್ ಕಿಟಕಿಗಳು! ಕಂಪ್ಯೂಟರ್ ಕೆಲಸದ ಅಕ್ಕನೋ ಮಾವನೋ ಮನೆಯಲ್ಲಿದ್ದರೆ ಅವರ ಪರದೆಯನ್ನು ಇಣುಕಿ ನೋಡಿ. ಚಿತ್ರವಿಲ್ಲ, ಬರೀ ಅಕ್ಷರ. ಸಾಲಿನ ಕೊನೆಯಲ್ಲಿ $ ಚಿಹ್ನೆ ಕಾಯುತ್ತಾ ನಿಂತಿರುತ್ತದೆ. "ಅಪ್ಪಣೆಯಾಗಲಿ ಒಡೆಯಾ" ಎನ್ನುವ ಕಥೆಯ ಬೇತಾಳನಂತೆ! ಆ ಸಾಲಿಗೆ ಪ್ರಾಂಪ್ಟ್ ಎನ್ನುತ್ತಾರೆ. ಅಪ್ಪಣೆ ನಡೆಸುವ ತಂತ್ರಾಂಶಕ್ಕೆ ಶೆಲ್ ಎಂದು ಹೆಸರು.

ಕುಳಿತಲ್ಲಿಂದಲೇ ದೂರದ ಊರಿನ ಕಂಪ್ಯೂಟರಿಗೂ ಹೀಗೆ ಅಪ್ಪಣೆ ಕೊಡಬಹುದು. ನಾಲ್ಕು ಕಿಟಕಿ ತೆರೆದರೆ ನಾಲ್ಕು ಯಂತ್ರ. ತೊಂದರೆ ಇರುವುದೇ ಇಲ್ಲಿ. ಬೇತಾಳ ಯಾವ ಮನೆಯವನೆಂದು ನೋಡದೆ "ಎಲ್ಲ ಅಳಿಸು" ಎಂದುಬಿಟ್ಟರೆ?

ಇದು ನಿಜವಾಗಿ ನಡೆದಿದೆ. ಗಿಟ್‌ಲ್ಯಾಬ್ ಎಂಬ ಸಂಸ್ಥೆ ಇದೆ. ತಂತ್ರಾಂಶ ಬರೆಯುವವರು ತಮ್ಮ ಬರಹಗಳನ್ನು ಅಲ್ಲಿ ಇಡುತ್ತಾರೆ. ಅದರ ದತ್ತಾಂಶಕ್ಕೆ ಎರಡು ಯಂತ್ರಗಳಿದ್ದವು: ಒಂದು ಅಸಲು, ಇನ್ನೊಂದು ನಕಲು. 2017ರ ಜನವರಿ 31ರ ರಾತ್ರಿ, ನಕಲನ್ನು ಖಾಲಿ ಮಾಡಿ ಹೊಸದಾಗಿ ತುಂಬಲು ಹೊರಟ ಇಂಜಿನಿಯರ್ ಅಳಿಸುವ ಅಪ್ಪಣೆಯನ್ನು ಅಸಲಿಗೇ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ! ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಪ್ರತಿಯೊಂದು ಇತ್ತು. ನಡುವಿನ ಆರು ಗಂಟೆಗಳ ಕೆಲಸದಲ್ಲಿ ಬಹಳಷ್ಟು ಹೋಯಿತು.

ಸಂಸ್ಥೆ ಏನನ್ನೂ ಮುಚ್ಚಿಡಲಿಲ್ಲ. ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಪ್ರಕಟಿಸಿತು. ಅದರಲ್ಲಿ ಒಂದು ಬಹಳ ಸಣ್ಣ ಕೆಲಸ: ಯಾವ ಯಂತ್ರ ಎಂದು ನೋಡಿದ ಕೂಡಲೇ ತಿಳಿಯುವಂತೆ ಎಲ್ಲ ಯಂತ್ರಗಳ ಪ್ರಾಂಪ್ಟ್ ಬದಲಿಸುವುದು.

ಬ್ಯಾಂಕಿನಲ್ಲಿ ಹಣ ಕಟ್ಟುವ ಚೀಟಿಗೊಂದು ಬಣ್ಣ, ತೆಗೆಯುವ ಚೀಟಿಗೊಂದು ಬಣ್ಣ ಇರುವುದನ್ನು ತಾತ-ಅಜ್ಜಿಯರು ಕಂಡಿದ್ದೀರಿ. ಕೌಂಟರಿನಲ್ಲಿ ಕೂತವನಿಗೆ ಓದುವ ಮೊದಲೇ ಕಣ್ಣು ಹೇಳಿಬಿಡುತ್ತಿತ್ತು. ಇಲ್ಲಿಯೂ ಅದೇ ಉಪಾಯ.

ಬ್ಯಾಶ್ ಎಂಬ ಶೆಲ್‌ನಲ್ಲಿ ಪಿಎಸ್1 ಎಂಬ ಹೆಸರಿನಡಿ ಏನು ಬರೆದಿಡುತ್ತೀರೋ ಅದೇ ಪ್ರಾಂಪ್ಟ್ ಆಗುತ್ತದೆ. ಅದಕ್ಕೆ ಸಂಕೇತಾಕ್ಷರಗಳಿವೆ: ಒಂದಕ್ಕೆ ಬಳಕೆದಾರರ ಹೆಸರು ಬರುತ್ತದೆ, ಒಂದಕ್ಕೆ ಯಂತ್ರದ ಹೆಸರು, ಇನ್ನೊಂದಕ್ಕೆ ಈಗಿರುವ ಕಡತಕೋಶ. ಬಣ್ಣಕ್ಕೆ ಅಂಕಿಗಳಿವೆ: 31 ಕೆಂಪು, 32 ಹಸಿರು, 34 ನೀಲಿ. ಅಭ್ಯಾಸದ ಯಂತ್ರಕ್ಕೆ ಹಸಿರು, ಜನರ ದತ್ತಾಂಶ ಇರುವ ಯಂತ್ರಕ್ಕೆ ಕೆಂಪು ಎಂದು ಇಟ್ಟುಕೊಳ್ಳಬಹುದು. $ ಇದ್ದ ಕಡೆ # ಕಂಡರಂತೂ ಎಚ್ಚರ! ಸರ್ವಾಧಿಕಾರಿಯಾಗಿ ಒಳಗೆ ಬಂದಿದ್ದೀರಿ ಎಂದು ಅದರ ಅರ್ಥ.

ಎರಡು ಮಾತು ನೆನಪಿರಲಿ. ದೂರದ ಯಂತ್ರದ ಪ್ರಾಂಪ್ಟನ್ನು ಆ ಯಂತ್ರದಲ್ಲೇ ಬರೆದಿಡಬೇಕು. ಪಕ್ಕದ ಮನೆಯ ನಾಮಫಲಕವನ್ನು ನಮ್ಮ ಗೇಟಿಗೆ ನೇತುಹಾಕಿದರೆ ಏನು ಬಂತು? ಇನ್ನೊಂದು, ಬಣ್ಣವನ್ನೇ ನಂಬಿ ಕೂರಬಾರದು. ಕೆಂಪು-ಹಸಿರು ಬೇರೆಯಾಗಿ ಕಾಣದ ಕಣ್ಣುಗಳೂ ಇವೆ. ಬಣ್ಣದ ಜೊತೆ ಹೆಸರೂ ಇರಲಿ.

ಈ ವಾರದ ಕೆಲಸ, ಕಂಪ್ಯೂಟರ್ ಇಲ್ಲದವರಿಗೂ ಆಗುವಂಥದ್ದು. ತಾತ-ಅಜ್ಜಿಯ ಔಷಧಿ ಡಬ್ಬಿ ತೆರೆಯಿರಿ. ಕಣ್ಣಿಗೆ ಬಿಡುವ ಹನಿ, ಕಿವಿಗೆ ಬಿಡುವ ಹನಿ, ಎರಡರ ಸೀಸೆಯೂ ಒಂದೇ ಥರ ಇದೆಯೇ ನೋಡಿ. ಇದ್ದರೆ ಒಂದಕ್ಕೆ ಬಣ್ಣದ ಚೀಟಿ ಅಂಟಿಸಿ, ದಪ್ಪ ಅಕ್ಷರದಲ್ಲಿ "ಕಣ್ಣು" ಎಂದು ಬರೆಯಿರಿ. ಇನ್ನೊಂದಕ್ಕೆ ಬೇರೆ ಬಣ್ಣ, "ಕಿವಿ". ಬರೆದ ಮೇಲೆ ಕನ್ನಡಕವಿಲ್ಲದೆ ಓದಲಾಗುತ್ತದೆಯೇ ಎಂದು ಅಜ್ಜಿಯನ್ನೇ ಕೇಳಿ.