ಹೆಸರು ಕೇಳದಿದ್ದರೆ ಅನಾಮಿಕವೇ?

ಬೀದರ್, ಕಲಬುರಗಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿಂದ ಅಮೀರ್‌ಪೇಟೆಯ ಕೋಚಿಂಗಿಗೆ ಬರುವ ನಮ್ಮ ಹುಡುಗರ ರೆಸ್ಯೂಮೆಗಳನ್ನು ಆಗಾಗ ತಿದ್ದಿಕೊಡುತ್ತೇನೆ. ‘ಪರ್ಸನಲ್ ಪ್ರಾಜೆಕ್ಟ್’ ಅಂತ ಇರುವ ಕಡೆ ಪದೇಪದೇ ಕಾಣುವುದು ‘ಅನಾನಿಮಸ್ ವಿಡಿಯೋ ಚಾಟ್ ಆ್ಯಪ್’. ಗುಂಡಿ ಒತ್ತಿದರೆ ಅಪರಿಚಿತರೊಬ್ಬರ ಮುಖ. ಹೆಸರಿಲ್ಲ, ಲಾಗಿನ್ ಇಲ್ಲ.

ಕಟ್ಟುವುದು ಕಷ್ಟವೇನಲ್ಲ, ನಾನೂ ಕಟ್ಟಿದ್ದೇನೆ. ಕ್ಯೂನಲ್ಲಿ ಕಾದಿರುವ ಇಬ್ಬರನ್ನು ಜೋಡಿಸಲು ಪುಟ್ಟದೊಂದು ಸರ್ವರ್, ಆಮೇಲಿನದು ವೆಬ್‌ಆರ್‌ಟಿಸಿ. ವಿಡಿಯೋ ನಮ್ಮ ಸರ್ವರ್ ಮುಟ್ಟದೆ ಬ್ರೌಸರಿನಿಂದ ಬ್ರೌಸರಿಗೆ ನೇರ ಹೋಗುತ್ತದೆ, ಹಾಗಾಗಿ ಖರ್ಚಿಲ್ಲ. ನನ್ನ ತಕರಾರು ಆ ‘ನೇರ’ದ ಬಗ್ಗೆಯೇ. ನೇರ ಹೋಗಬೇಕಾದರೆ ಇಬ್ಬರ ಐಪಿ ವಿಳಾಸವೂ ಪರಸ್ಪರ ತಲುಪಲೇಬೇಕು. ಕ್ರೋಮಿನ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಪುಟ ತೆರೆದು ನೋಡಿ, ಎದುರಿನವರ ವಿಳಾಸ ಅಲ್ಲೇ ಕಾಣುತ್ತದೆ. ಅದರಿಂದ ಮನೆಯ ಬಾಗಿಲು ಸಿಗಲಿಕ್ಕಿಲ್ಲ. ಊರಿನ ಅಂದಾಜು, ಇಂಟರ್ನೆಟ್ ಕಂಪನಿ ಸಿಗುತ್ತವೆ. ರಾತ್ರಿ ಹನ್ನೊಂದಕ್ಕೆ ಪಿಜಿಯ ಕೋಣೆಯಿಂದ ಮಾತಾಡುವ ಹುಡುಗಿಗೆ ಇದನ್ನು ಯಾರು ಹೇಳಿದ್ದಾರೆ?

ದಾರಿ ಇದೆ. ಟರ್ನ್ ಸರ್ವರ್ ಇಟ್ಟು, ಎಲ್ಲವೂ ‘ರಿಲೇ’ ಮೂಲಕವೇ ಹೋಗಲಿ ಎಂದು ಒಂದು ಸಾಲು ಬರೆದರೆ ವಿಳಾಸಗಳು ಮರೆಯಾಗುತ್ತವೆ. (ಆಗಲೂ ಸರ್ವರ್ ನಡೆಸುವ ನಿಮಗೆ ಇಬ್ಬರದ್ದೂ ಗೊತ್ತಿರುತ್ತದೆ, ಅದು ಬೇರೆ ಮಾತು.) ಆದರೆ ವಿಡಿಯೋದ ಪ್ರತಿ ಎಂಬಿಗೂ ಬಿಲ್ ಬರುತ್ತದೆ. ಅದಕ್ಕೇ ಹುಡುಗರು ಪುಕ್ಕಟೆ ಸ್ಟನ್ ಸರ್ವರಿಗೇ ನಿಲ್ಲುತ್ತಾರೆ.

‘ಸಣ್ಣ ಪ್ರಾಜೆಕ್ಟ್ ಅಣ್ಣಾ, ಯಾರ್ ಬರ್ತಾರ?’ ಅನ್ನುತ್ತಾರೆ. ಒಮೆಗಲ್ ಕೂಡ 2009ರಲ್ಲಿ ಲೀಫ್ ಕೆ-ಬ್ರೂಕ್ಸ್ ಎಂಬ 18ರ ಹುಡುಗ ಕಟ್ಟಿದ್ದು. ಅದು 11 ವರ್ಷದ ಬಾಲಕಿಯೊಬ್ಬಳನ್ನು ಮೂವತ್ತು ದಾಟಿದ ದುರುಳನಿಗೆ ಜೋಡಿಸಿತು. ಆಕೆ ದೊಡ್ಡವಳಾಗಿ ದಾವೆ ಹೂಡಿದಳು. ಬಳಕೆದಾರರು ಮಾಡಿದ್ದಕ್ಕೆ ನಾವು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು 2022ರಲ್ಲಿ ಅಮೆರಿಕದ ಆರೆಗನ್‌ನ ನ್ಯಾಯಾಲಯ ಒಪ್ಪಲಿಲ್ಲ. ಜೋಡಿಸುವ ವಿನ್ಯಾಸವೇ ದೋಷ ಎಂಬ ಆರೋಪದ ಮೇಲೆ ಕೇಸು ಮುಂದುವರಿಯಿತು. 2023ರ ನವೆಂಬರಿನಲ್ಲಿ ಕೇಸು ರಾಜಿಯಾಯಿತು, ಒಮೆಗಲ್ಲೂ ಮುಚ್ಚಿತು. ನಿಮ್ಮ ಕ್ಯೂಗೂ ಎದುರಿಗಿರುವವರ ವಯಸ್ಸು ಗೊತ್ತಿಲ್ಲ.

ಅನಾಮಿಕತೆಯೇ ಬೇಡ ಎನ್ನುತ್ತಿಲ್ಲ. ರೂಮ್ ಕೊಡುವ ಮುಂಚೆ ಹೆಸರಿನ ಬಾಲ ಕೇಳಿ ಜಾತಿ ಅಳೆಯುವ ಓನರುಗಳನ್ನು ನಾವೆಲ್ಲ ಕಂಡಿದ್ದೇವೆ. ಹೆಸರಿಲ್ಲದೆ ಒಂದು ಗಂಟೆ ಕನ್ನಡದಲ್ಲಿ ಹರಟುವುದು ಪರಊರಿನಲ್ಲಿ ಸಣ್ಣ ಸುಖವಲ್ಲ. ಅದಕ್ಕೇ ಆ ಪದದ ಕಲಬೆರಕೆ ನನಗೆ ಸಿಟ್ಟು ತರಿಸುವುದು.

ನನ್ನ ಆ್ಯಪ್ ರಿಲೇ ಮೂಲಕವೇ ಓಡುತ್ತದೆ. ಲಿಂಕ್ ಪರಿಚಿತರಾದ ಹತ್ತು ಹನ್ನೆರಡು ಜನರಿಗೆ ಮಾತ್ರ. ದೂರು ಕೊಟ್ಟರೆ ಓದುವವರು, ತಕ್ಷಣ ಕಿತ್ತುಹಾಕುವವರು ಇರುವ ತನಕ ಅಪರಿಚಿತರಿಗೆ ತೆರೆಯುವುದಿಲ್ಲ. ಬಿಲ್ ಕಟ್ಟಲು ಆಗದವರು ರೆಸ್ಯೂಮೆಯಲ್ಲಿ ‘ವಿಡಿಯೋ ಚಾಟ್’ ಎಂದಷ್ಟೇ ಬರೆಯಲಿ. ಕೆಲಸ ಕೊಡುವವರು ನೋಡುವುದು ಕೋಡನ್ನೇ ತಾನೆ?