ಗಾಡಿ ನಮ್ಮದು, ಫಿಲ್ಟರ್ ಡಬ್ಬಿ ಮಾತ್ರ ಅವರದಾ?

"ಬಿಡಿಯಾಗಿ ಕೊಡೂದಿಲ್ರಿ. ಗಾಡಿ ಇಲ್ಲಿಗೇ ತರ್ರಿ, ನಾವೇ ಹಾಕ್ತೀವಿ."

ವಿಜಯಪುರದ ಒಂದು ಸರ್ವಿಸ್ ಸೆಂಟರಿನ ಬಿಡಿಭಾಗದ ಕೌಂಟರಿನಲ್ಲಿ ನಮಗೆ ಸಿಕ್ಕ ಉತ್ತರ ಇದು. ನಾವು ಕೇಳಿದ್ದು ಡೀಸೆಲ್ ಫಿಲ್ಟರ್ ಕೂರುವ ಹೌಸಿಂಗ್, ಗ್ಯಾರೇಜಿನವರ ಮಾತಿನಲ್ಲಿ ಫಿಲ್ಟರ್ ಡಬ್ಬಿ. ಗಾಡಿ ತರೋಣವೆಂದರೆ ಅದು ಸುಮಾರು 20 ಕಿ.ಮೀ. ಆಚೆ ತಿಕೋಟಾದಲ್ಲಿ ಏನು ಮಾಡಿದರೂ ಚಾಲೂ ಆಗದೆ ನಿಂತಿತ್ತು. ಟೋಚನ್ ಹಾಕಿ ಎಳೆದು ತನ್ನಿ ಎಂಬ ಸಲಹೆಯೂ ಬಂತು.

ಸುದ್ದಿಗೆಂದು ಓಡಾಡಲು ನಾವು ನಾಲ್ವರು ಸೇರಿ ಕೊಂಡ ಹಳೇ ಡೀಸೆಲ್ ಕಾರು ಅದು. ಒಂದು ವಾರದಿಂದ ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೇ ಏಳುತ್ತಿತ್ತು. ಬಬಲೇಶ್ವರದಲ್ಲಿ ಒಮ್ಮೆ ಕೈಕೊಟ್ಟಿತು. ಬ್ಯಾಟರಿ ಬದಲಿಸಿದೆವು, ದುಡ್ಡು ದಂಡ. ಕೊನೆಗೆ ತಿಕೋಟಾದ ಮೇಸ್ತ್ರಿ ಚಾಚಾ ಟಾರ್ಚ್ ಹಿಡಿದು ತೋರಿಸಿದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪೈಪ್ ಕೂರುವ ಕಡೆ, ಕೂದಲೆಳೆಯಷ್ಟು ಬಿರುಕು.

"ಡೀಸೆಲ್ ಹೊರಗ ಬರಂಗಿಲ್ಲ, ಗಾಳಿ ಒಳಗ ಹೊಕ್ಕೈತಿ. ಅದಕ್ಕ ಯಾರಿಗೂ ಕಾಣಂಗಿಲ್ಲ ನೋಡ್ರಿ."

ನಮ್ಮ ಗಾಡಿಯಂಥ ಇಂಜಿನ್‌ಗಳಲ್ಲಿ ಪಂಪು ಟ್ಯಾಂಕಿನಿಂದ ಡೀಸೆಲ್ಲನ್ನು ಹೀರಿಕೊಳ್ಳುತ್ತದೆ. ದಾರಿಯಲ್ಲಿ ಬಿರುಕಿದ್ದರೆ ಡೀಸೆಲ್ ಜೊತೆ ಗಾಳಿಯನ್ನೂ ಹೀರುತ್ತದೆ, ಒತ್ತಡ ಕೂಡುವುದಿಲ್ಲ. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಸಾವಿರ ಬಾರ್ ಮೀರಿದ ಒತ್ತಡ ಬೇಕು. ಆ ಪಂಪಿನ ಒಳಭಾಗಕ್ಕೆ ಎಣ್ಣೆಯ ಕೆಲಸ ಮಾಡುವುದೂ ಡೀಸೆಲ್ಲೇ. ಡೀಸೆಲ್ಲಿನ ಧೂಳು, ನೀರು ಫಿಲ್ಟರ್ ದಾಟಿ ಹೋದರೆ ಪಂಪು, ಇಂಜೆಕ್ಟರ್ ಎರಡಕ್ಕೂ ಗಂಡಾಂತರ.

ಹಾಗಾಗಿ ಬಿರುಕಿಗೆ ಎಂ-ಸೀಲ್ ಮೆತ್ತುವುದು ತಪ್ಪು. ಚಾಚಾ ಮೆತ್ತಲು ಒಪ್ಪಲಿಲ್ಲ. ಮೆತ್ತಿದ ಗಾಡಿಗಳನ್ನೂ ನಾವು ಕಂಡಿದ್ದೇವೆ, ಅಲ್ಲಗಳೆಯುವುದಿಲ್ಲ. "ತರಬೇತಿ ಇಲ್ಲದವರ ಕೈಗೆ ಭಾಗ ಕೊಟ್ಟರೆ ಇಂಜಿನ್ ಹಾಳಾಗುತ್ತದೆ" ಎಂದು ಕಂಪನಿಗಳ ಪರ ಮಾತಾಡುವವರು ಇದನ್ನೇ ಮುಂದೆ ಹಿಡಿಯುತ್ತಾರೆ. ಸ್ವಾಮಿ, ಡಬ್ಬಿ ಕೊಡದೆ ವಾಪಸ್ ಕಳಿಸಿದವರು ಯಾರು? ಡಬ್ಬಿ ಸಿಗದವನ ಕೈಗೆ ಎಂ-ಸೀಲ್ ಬಂತು. ತರಬೇತಿಯ ಚಿಂತೆ ನಿಜವೇ ಆಗಿದ್ದರೆ ರಿಪೇರಿ ಕೈಪಿಡಿಯನ್ನು ಬೀಗದೊಳಗೆ ಏಕೆ ಇಟ್ಟಿದ್ದೀರಿ? ಕನ್ನಡದಲ್ಲಿ ಅಚ್ಚು ಹಾಕಿ ಕೊಡಿ.

ಇದೇನು ಹೊಸ ಜಗಳವಲ್ಲ. ಬಿಡಿಭಾಗ, ತಪಾಸಣೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ರಿಪೇರಿ ಹಕ್ಕಿ'ನ ಪೋರ್ಟಲ್ಲನ್ನೂ ತೆರೆಯಿತು. ದೆಹಲಿಯಲ್ಲಿ ಆದೇಶ, ಪೋರ್ಟಲ್. ನಮ್ಮ ಕೌಂಟರಿನಲ್ಲಿ ಅದೇ "ಕೊಡೂದಿಲ್ರಿ".

ಐದನೇ ದಿನ ಡಬ್ಬಿ ಬೇರೆ ಊರಿನ ಅಂಗಡಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಚಾಚಾ ಮೊದಲು ಸುತ್ತಲಿನ ಕೆಸರು ಒರೆಸಿದರು. ಬಿಚ್ಚಿದ ಪೈಪುಗಳ ಬಾಯಿಗೆ ಶುಭ್ರ ಪ್ಲಾಸ್ಟಿಕ್ ಕಟ್ಟಿದರು. ಹೊಸ ರಬ್ಬರ್ ರಿಂಗಿಗೆ ಡೀಸೆಲ್ ಸವರಿ ಕೂರಿಸಿದರು. ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿ ಏರ್ ತೆಗೆದರು, ಆಮೇಲೇ ಸೆಲ್ಫ್. ಒಂದು ತಾಸೂ ಹಿಡಿಯಲಿಲ್ಲ. ಇದರಲ್ಲಿ ಬಚ್ಚಿಡುವಂಥ ವಿದ್ಯೆ ಯಾವುದಿದೆ?

ನಮಗೆ ಐದು ದಿನದ ಸುದ್ದಿ ತಪ್ಪಿತು, ಅಷ್ಟೇ. ಸಾಲದ ಕಂತು ಕಟ್ಟಿ ಬಾಡಿಗೆ ಗಾಡಿ ಓಡಿಸುವವನಿಗೆ, ಅದೂ ದ್ರಾಕ್ಷಿ ಸುಗ್ಗಿಯಲ್ಲಿ, ಐದು ದಿನ ಅಂದರೆ ಏನೆಂದು ಕೌಂಟರಿನ ಒಳಗಿರುವವರು ಲೆಕ್ಕ ಹಾಕಲಿ.

ಚಾಲಕರೇ, ಮೇಸ್ತ್ರಿಗಳೇ, ಇನ್ನು ಮೇಲೆ ಬಾಯಿಮಾತಿನ 'ಇಲ್ಲ' ಕೇಳಿ ತಿರುಗಿ ಬರಬೇಡಿ. ಭಾಗದ ನಂಬರ್ ಹೇಳಿ, ಕೊಡುವುದಿಲ್ಲ ಎಂದು ಬರೆದುಕೊಡಲು ಕೇಳಿ. ಬರೆದುಕೊಡದಿದ್ದರೆ ಅಲ್ಲೇ ನಿಂತು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾವು ಮಾಡಿದ್ದೇವೆ, ದೂರಿನ ಸಂಖ್ಯೆ ನಮ್ಮ ಕೈಯಲ್ಲಿದೆ. ಉತ್ತರ ಬಂದ ದಿನ ಇಲ್ಲೇ ಬರೆಯುತ್ತೇವೆ.